ಬಾದಾಮಿ ಹಿಸ್ಟಾರಿಕ್ಕೋ, ಹಿಸ್ಟಾರಿಕಲ್ಲೋ?

ಎರಡಕ್ಕೂ ನಾವು ಐತಿಹಾಸಿಕ ಅಂತೀವಿ. ಇಂಗ್ಲಿಷಿನ್ಯಾಗ ಹಂಗಿಲ್ಲ ನೋಡ್ರಿ.

ಬಾದಾಮಿ ಮೂರನೇ ಗುಹೆಗೆ ಬರ್ರಿ. ಕೆಂಪು ಕಲ್ಲಿನ ಕಂಬದ ಮ್ಯಾಲ ಶಾಸನ ಐತಿ. ಚಾಲುಕ್ಯ ಮನೆತನದ ಮಂಗಳೇಶ ಈ ವಿಷ್ಣುಗುಡಿ ಮಾಡಿಸಿದ್ದು ಶಕ 500, ಅಂದ್ರ ಕ್ರಿ.ಶ. 578. ಇಸವಿ ಇಷ್ಟು ಸ್ಪಷ್ಟ ಇದ್ದದ್ದಕ್ಕ, ಉಳಿದ ಗುಹೆಗಳ ಕಾಲ ಅಂದಾಜು ಮಾಡಾಕ ಇದೇ ಅಳತೆಗೋಲು. ಇತಿಹಾಸದಾಗ ಇಂಥಾ ತೂಕ ಇದ್ದರ ಅದು ಹಿಸ್ಟಾರಿಕ್.

ಇನ್ನ ಇಳಕಲ್ಲಿನ ಸೀರಿ ಅಂಗಡಿಯ ಹಳೇ ಲೆಕ್ಕದ ಪುಸ್ತಕ. ತೋಪ ತೆನಿ ಸೆರಗಿಗೆ ಕೆಂಪು ರೇಷ್ಮಿ ಎಷ್ಟು ಹೋತು ಅಂತ ಬರದದ್ದು. ಹಿಂದಿನ ಕಾಲಕ್ಕ ಸಂಬಂಧಪಟ್ಟದ್ದು, ಅದಕ್ಕ ಹಿಸ್ಟಾರಿಕಲ್. ನನಗಂತೂ ಅದರ ಮ್ಯಾಲೂ ಅಷ್ಟ ಪ್ರೀತಿ.

ಪುಲಿಕೇಶಿ ಬಗ್ಗೆ ಕಾದಂಬರಿ ಬರದರ? ಹಿಸ್ಟಾರಿಕಲ್ ನಾವೆಲ್. ಹಿಸ್ಟಾರಿಕ್ ಅಂದ್ರ, ಆ ಪುಸ್ತಕಾನ ಇತಿಹಾಸ ಮಾಡೈತಿ ಅಂದಂಗ.