ಬ್ಯಾಕ್ ಆಟಗಾರನ ಅರ್ಧ ಸೆಕೆಂಡು

ವಿಮಾನಪುರದ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯ ಫುಟ್‌ಬಾಲ್ ತಂಡವು 2010-11 ಮತ್ತು 2011-12ರ ಐ-ಲೀಗ್ ಪಂದ್ಯಾವಳಿಗಳಲ್ಲಿ ಆಡಿ, ಎರಡನೆಯದರ ಕೊನೆಗೆ ಕೆಳದರ್ಜೆಗೆ ಇಳಿಯಿತು. ಸೋತ ತಂಡಗಳ ವಿಷಯದಲ್ಲಿ ಪ್ರೇಕ್ಷಕರ ತೀರ್ಪು ಬಹುಮಟ್ಟಿಗೆ ಒಂದೇ: "ಬ್ಯಾಕ್ ಆಟಗಾರರಿಗೆ ಎಚ್ಚರವಿಲ್ಲ." ಈ ತೀರ್ಪನ್ನು ನಾವು ಭೌತಶಾಸ್ತ್ರದ ಒರೆಗೆ ಹಚ್ಚಿ ನೋಡೋಣ.

ಕಣ್ಣು ಕಂಡದ್ದಕ್ಕೆ ಕಾಲು ಚಲಿಸತೊಡಗಲು ಸುಮಾರು 0.2 ಸೆಕೆಂಡು ಬೇಕು. ಸೆಕೆಂಡಿಗೆ 25 ಮೀಟರ್ ವೇಗದ ಚೆಂಡು ಅಷ್ಟರಲ್ಲಿಯೇ 5 ಮೀಟರ್ ಸಾಗಿರುತ್ತದೆ. ಇನ್ನು ಎದುರಾಳಿಯು ಎಡಕ್ಕೆ ಒದೆಯುವಂತೆ ನಟಿಸಿ ಬಲಕ್ಕೆ ಒದ್ದನೆನ್ನಿ. ನಮ್ಮ ಬ್ಯಾಕ್ ಆಟಗಾರನು ಆಗಲೇ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಎಡಕ್ಕೆ ಹೊರಟಿದ್ದಾನೆ. ಬೂಟು ಮತ್ತು ನೆಲಗಳ ಘರ್ಷಣೆಯು ಆ ವೇಗವನ್ನು ಪ್ರತಿ ಸೆಕೆಂಡಿಗೆ 8 ಮೀಟರಿನಂತೆ ತಗ್ಗಿಸಿದರೂ, ನಿಲ್ಲುವುದಕ್ಕೇ ಅರ್ಧ ಸೆಕೆಂಡು. ತಿರುಗಿ ಓಡುವುದು ಆಮೇಲಿನ ಮಾತು. ಜಡತ್ವವು ತರಬೇತುದಾರನ ಕೂಗಿಗೆ ಕಿವಿಗೊಡುವುದಿಲ್ಲ! ದಣಿದ ಮೇಲಂತೂ ಈ ವಿಳಂಬ ಇನ್ನೂ ಹೆಚ್ಚುತ್ತದೆ.

ಹಾಗಾದರೆ ಅದೇ ತಪ್ಪು ಮತ್ತೆ ಮತ್ತೆ ಮರುಕಳಿಸುವುದೇಕೆ? ದೋಷವು ಆಟಗಾರರ ಮನಸ್ಸಿಗಿಂತ ಅವರು ನಿಂತ ರೀತಿಯಲ್ಲಿದೆಯೆಂದು ನಮಗೆ ತೋರುತ್ತದೆ. ನಾಲ್ವರೂ ಒಂದೇ ಗೆರೆಯಲ್ಲಿ ನಿಂತರೆ, ಒಬ್ಬನು ಕಳೆದುಕೊಂಡ ಅರ್ಧ ಸೆಕೆಂಡನ್ನು ತುಂಬಿಕೊಡಲು ಹಿಂದೆ ಯಾರೂ ಇರುವುದಿಲ್ಲ. ಒಬ್ಬನನ್ನು ಹಿಂದಕ್ಕೆ ನಿಲ್ಲಿಸಿದರೆ ಆ ಕೊರತೆಯೇನೋ ನೀಗುತ್ತದೆ. ಆದರೆ ಆಗ ಎದುರಾಳಿಯೂ ಆಫ್‌ಸೈಡಿನ ಭಯವಿಲ್ಲದೆ ಅಷ್ಟೇ ದೂರ ಮುಂದಕ್ಕೆ ಬಂದು ನಿಲ್ಲಬಲ್ಲನು.