ಮಧುಮೇಹಿಗಳ ಪಥ್ಯದಲ್ಲಿ ಕೆಲವು ಪ್ರಮಾದಗಳು

ಮಧುಮೇಹವು ನಮ್ಮ ದೇಶಕ್ಕೆ ಹೊಸದಾಗಿ ಬಂದ ವ್ಯಾಧಿಯಲ್ಲ. ಆಯುರ್ವೇದದ ಪೂರ್ವಾಚಾರ್ಯರು ಪ್ರಮೇಹಗಳನ್ನು 20 ವಿಧವೆಂದು ಎಣಿಸಿ, ಮೂತ್ರವು ಜೇನಿನಂತೆ ಮಧುರವಾಗುವ ಬಗೆಯನ್ನು ಅವುಗಳಲ್ಲಿ ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಆದರೆ ಆ ಹೆಸರೇ ಗೃಹಸ್ಥರಿಗೆ ಮೊದಲನೆಯ ಭ್ರಾಂತಿಯನ್ನು ಉಂಟುಮಾಡಿದೆ. ಮಧುವೆಂದರೆ ಸಿಹಿ, ಸಿಹಿಯನ್ನು ಬಿಟ್ಟರೆ ಪಥ್ಯವು ಮುಗಿಯಿತೆಂದು ಅನೇಕರ ಸಿದ್ಧಾಂತ. ಕಾಫಿಗೆ ಸಕ್ಕರೆ ಬೇಡವೆಂದು ಎಲ್ಲರಿಗೂ ಕೇಳಿಸುವಂತೆ ಹೇಳಿ, ಆ ತ್ಯಾಗದ ಬಲದಿಂದಲೇ ಮೂರು ಸಲ ಅನ್ನವನ್ನು ಬಡಿಸಿಕೊಳ್ಳುವವರನ್ನು ನಾನು ಎಷ್ಟೋ ಪಂಕ್ತಿಗಳಲ್ಲಿ ನೋಡಿದ್ದೇನೆ. ಅನ್ನದ ಪಿಷ್ಟವೂ ಕರುಳಿನಲ್ಲಿ ಜೀರ್ಣವಾಗಿ ಗ್ಲೂಕೋಸೆಂಬ ಸಕ್ಕರೆಯಾಗಿಯೇ ರಕ್ತವನ್ನು ಸೇರುವುದೆಂಬುದನ್ನು ಅವರು ಮರೆಯುತ್ತಾರೆ. ರಾಗಿಯಲ್ಲಿ ನಾರೂ ಸುಣ್ಣದ ಅಂಶವೂ ಅಕ್ಕಿಗಿಂತ ಅಧಿಕವೆಂಬುದು ದಿಟ. ಆದರೂ ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ರಾಗಿಯೆಂಬ ಧೈರ್ಯದಿಂದ ಮುದ್ದೆಯ ಗಾತ್ರವನ್ನು ಬೆಳೆಸಕೂಡದು. ಇನ್ನು ಬೆಲ್ಲ, ಜೇನುತುಪ್ಪಗಳಲ್ಲಿ ದೋಷವಿಲ್ಲವೆಂಬ ಮಾತಂತೂ ನಾಲಗೆಯ ಚಾಪಲ್ಯಕ್ಕೆ ನಾವೇ ಬರೆದುಕೊಟ್ಟ ಅಪ್ಪಣೆಚೀಟಿ.

ಇದಕ್ಕಿಂತಲೂ ಬೇಗ ಅಪಾಯವನ್ನು ತರುವುದು ಇದಕ್ಕೆ ವಿರುದ್ಧವಾದ ಪ್ರಮಾದ, ಎಂದರೆ ಔಷಧವನ್ನು ಸೇವಿಸಿ ಆಹಾರವನ್ನು ಬಿಡುವುದು. ಇದನ್ನು ನಾನೇ ಮಾಡಿದವನಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುವೆನು.

2023ನೆಯ ಇಸವಿಯ ಆಷಾಢ ಶುದ್ಧ ಏಕಾದಶಿ. ಆ ದಿನದ ನಿರಾಹಾರವ್ರತವು ನಮ್ಮ ಮನೆಯಲ್ಲಿ ಹಿರಿಯರಿಂದ ಬಂದದ್ದು. ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದೆಂದು ವೈದ್ಯರು ಹೇಳಿದ್ದರಷ್ಟೆ. ನಾನು ವಿಧೇಯನಾದ ಶಿಷ್ಯನಂತೆ ಬೆಳಗ್ಗೆ ಗ್ಲಿಮೆಪಿರೈಡ್ ಮಾತ್ರೆಯನ್ನು ನುಂಗಿ ಪಾರಾಯಣಕ್ಕೆ ಕುಳಿತೆನು. ಹನ್ನೊಂದು ಗಂಟೆಯ ಸುಮಾರಿಗೆ ಕೈ ನಡುಗಿತು, ಮೈಯೆಲ್ಲ ಬೆವರಿತು. ವ್ರತದ ಆಯಾಸವೆಂದು ಎಣಿಸಿದೆನು. ಬಳಿಕ ನಾಲ್ವತ್ತು ವರ್ಷಗಳಿಂದ ಕಂಠಸ್ಥವಾಗಿದ್ದ ಶ್ಲೋಕವೇ ತಪ್ಪತೊಡಗಿತು. ಹತ್ತಿರಕ್ಕೆ ಬಂದ ನನ್ನ ಗೃಹಿಣಿಯನ್ನು "ತಾವು ಯಾರು?" ಎಂದು ಕೇಳಿದೆನಂತೆ, ನನಗೆ ಅದರ ನೆನಪಿಲ್ಲ. ಮಗನು ಬೆರಳಿಗೆ ಸೂಜಿ ಚುಚ್ಚಿ ನೋಡಿದಾಗ ಮಾಪಕವು 46 ತೋರಿಸಿತು. 70ಕ್ಕಿಂತ ಕೆಳಗಿಳಿದರೇ ಅಪಾಯದ ಸೂಚನೆ. ಆಕೆಯು ಲೋಟದ ನೀರಿಗೆ ಸಕ್ಕರೆ ಕದಡಿ, "ಏಕಾದಶಿ ಹದಿನೈದು ದಿನಕ್ಕೆ ಮತ್ತೆ ಬರುತ್ತೆ, ಕುಡೀರಿ" ಎಂದು ಗದರಿಸಿ ಕುಡಿಸಿದಳು. ಅರ್ಧ ಗಂಟೆಯೊಳಗೆ ನಾನು ನಾನಾದೆನು.

ನಡೆದದ್ದೇನೆಂದರೆ, ಆ ಜಾತಿಯ ಮಾತ್ರೆಯು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ರಸವನ್ನು ಹೊರಡಿಸುತ್ತದೆ. ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ಎಂದು ವಿಚಾರಿಸುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಈ ಭಯವು ಅತ್ಯಲ್ಪ. ಆದುದರಿಂದ ತಮ್ಮ ಮಾತ್ರೆಯು ಯಾವ ಜಾತಿಯದೆಂಬುದನ್ನು ಪ್ರತಿಯೊಬ್ಬರೂ ಅರಿತಿರಬೇಕು; ವ್ರತಕ್ಕೆ ಮುಂಚೆಯೇ ಆ ದಿನದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳತಕ್ಕದ್ದು. ತಾವಾಗಿಯೇ ಔಷಧವನ್ನು ನಿಲ್ಲಿಸುವುದೂ ತಪ್ಪೇ. ನಡುಕ, ಬೆವರು, ಮಾತಿನ ತೊದಲು ಕಂಡೊಡನೆ ಸುಮಾರು 15 ಗ್ರಾಂ, ಎಂದರೆ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕೊಟ್ಟು, 15 ನಿಮಿಷಗಳ ಮೇಲೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಪುನಃ ಕೊಟ್ಟು, ಆಮೇಲೆ ಊಟ ಮಾಡಿಸಬೇಕು. ಮೈಸೂರುಪಾಕು ಲಾಡುಗಳು ಈ ಸಮಯಕ್ಕೆ ಒದಗುವುದಿಲ್ಲ. ಅವುಗಳ ತುಪ್ಪವು ಸಕ್ಕರೆಯು ರಕ್ತವನ್ನು ಸೇರುವುದಕ್ಕೆ ತಡಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗಾದರೋ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಫಲಾಹಾರದ ಏಕಾದಶಿಯವರು ನಗಬೇಕಾಗಿಲ್ಲ. ಸಬ್ಬಕ್ಕಿಯು ಬಹುಮಟ್ಟಿಗೆ ಶುದ್ಧ ಪಿಷ್ಟ. ಅವಲಕ್ಕಿಯು ಅಕ್ಕಿಯ ಮಗಳೇ.

ಪರೀಕ್ಷೆಯ ವಿಷಯದಲ್ಲಿ ನಮ್ಮವರು ನನ್ನ ಹಳೆಯ ವಿದ್ಯಾರ್ಥಿಗಳನ್ನು ನೆನಪಿಗೆ ತರುತ್ತಾರೆ. ರಕ್ತ ಕೊಡುವುದಕ್ಕೆ ಮೂರು ದಿನ ಮುಂಚಿನಿಂದ ಕಠಿಣವಾದ ಪಥ್ಯ. ಕೊಟ್ಟ ಸಂಜೆಗೆ ಹೋಳಿಗೆ. ಬರಿಹೊಟ್ಟೆಯ ಪರೀಕ್ಷೆಯು ಈ ಉಪಾಯಕ್ಕೆ ಮೋಸಹೋದರೂ ಹೋಗಬಹುದು. ಎಚ್‌ಬಿಎ1ಸಿ ಎಂಬ ಪರೀಕ್ಷೆಯು ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವುದರಿಂದ ಅದಕ್ಕೆ ಹಿಂದಿನ ರಾತ್ರಿಯ ಅಭ್ಯಾಸವು ನಾಟದು.

ಕೊನೆಗೆ ಪಾದ. ಬಹುಕಾಲದ ಮಧುಮೇಹದಲ್ಲಿ ಅನೇಕರ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ. ನಡುಹಗಲಲ್ಲಿ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬಂದವರಿಗೆ ಬೊಬ್ಬೆ ಎದ್ದದ್ದು ಮರುದಿನ ಇತರರು ಹೇಳಿದಾಗ ತಿಳಿಯುವುದುಂಟು. ಅಂತಹ ಸಣ್ಣ ಗಾಯವು ಕೀತು, ಬೆರಳನ್ನೋ ಪಾದವನ್ನೋ ತೆಗೆಯಬೇಕಾಗಿ ಬಂದ ಮನೆಗಳಿವೆ. ಪ್ರದಕ್ಷಿಣೆಯನ್ನು ಬಿಡಬೇಕಾಗಿಲ್ಲ, ಬೆಳಗಿನ ತಂಪಿನಲ್ಲಿ ಮಾಡಬಹುದು. ರಾತ್ರಿ ಮಲಗುವ ಮುನ್ನ ಕಾಲು ತೊಳೆದು, ಬೆರಳುಗಳ ಸಂದುಗಳನ್ನು ಒರಸಿ, ಅಂಗಾಲನ್ನು ನೋಡಿಕೊಳ್ಳಬೇಕು. ಬಗ್ಗಲಾರದವರು ನೆಲದ ಮೇಲೆ ಕನ್ನಡಿಯನ್ನಿಟ್ಟು ನೋಡಿಕೊಳ್ಳಬಹುದು. ನಮ್ಮ ಮನೆಯಲ್ಲಿ ಈ ತನಿಖೆಯನ್ನು ಆರು ವರ್ಷದ ಮೊಮ್ಮಗಳು ವಹಿಸಿಕೊಂಡಿದ್ದಾಳೆ. ಪ್ರತಿ ರಾತ್ರಿಯೂ ದೀಪ ಹಿಡಿದು ನೋಡಿ ಹತ್ತಕ್ಕೆ ಇಷ್ಟೆಂದು ಅಂಕವನ್ನು ಕೊಡುತ್ತಾಳೆ. ಉಗುರು ಬೆಳೆದಿದ್ದರೆ ಅರ್ಧ ಅಂಕ ಕಡಿಮೆ.