ಅಂಕೆಗಳು ಚಿತ್ರವಾಗುವ ಬಗೆ

1895ರಲ್ಲಿ ರಂಟ್‌ಜನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಜೀವಂತ ದೇಹದೊಳಗಿನ ಎಲುಬುಗಳು ಮಾನವನ ಕಣ್ಣಿಗೆ ಗೋಚರವಾದುವು. ಆದರೆ ಮೆದುಳು ಬಹುಕಾಲ ಮರೆಯಲ್ಲಿಯೇ ಉಳಿಯಿತು. ತಲೆಬುರುಡೆಯ ಮುಂಭಾಗದ ನೆರಳೂ ಹಿಂಭಾಗದ ನೆರಳೂ ಫಿಲ್ಮಿನಲ್ಲಿ ಒಂದರ ಮೇಲೊಂದು ಬೀಳುವುದರಿಂದ, ಅವುಗಳ ನಡುವಣ ಮೃದುವಾದ ಗಡ್ಡೆ ಬೇರೆಯಾಗಿ ಕಾಣುತ್ತಿರಲಿಲ್ಲ. ಈ ತೊಡಕನ್ನು ಕೊನೆಗೆ ಬಿಡಿಸಿದುದು ಗಣಿತ.

ಅದರ ಮರ್ಮವನ್ನು ಒಂದು ಸಣ್ಣ ಒಗಟಿನಿಂದ ತಿಳಿಯಬಹುದು. ಒಂದು ಚೌಕವನ್ನು ನಾಲ್ಕು ಮನೆಗಳಾಗಿ ಭಾಗಿಸಿ, ಪ್ರತಿಯೊಂದರಲ್ಲಿಯೂ ಒಂದು ಸಂಖ್ಯೆ ಅಡಗಿದೆಯೆಂದು ಭಾವಿಸಿರಿ. ಮೇಲಿನ ಸಾಲಿನ ಮೊತ್ತ 8, ಕೆಳಗಿನದು 6. ಎಡಗಡೆಯ ಎರಡು ಮನೆಗಳ ಮೊತ್ತ 7, ಬಲಗಡೆಯದೂ 7. ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಹೋಗುವ ಕರ್ಣದ ಮೊತ್ತ 9. ಇಷ್ಟು ತಿಳಿದರೆ ಮೇಲೆ 5 ಮತ್ತು 3, ಕೆಳಗೆ 2 ಮತ್ತು 4 ಇರಲೇಬೇಕೆಂದು ನೀವೇ ಬಿಡಿಸಿಕೊಳ್ಳಬಹುದು. ಕ್ಷ-ಕಿರಣವೂ ನಮಗೆ ಮೊತ್ತವನ್ನೇ ಹೇಳುತ್ತದೆ. ತಲೆಯನ್ನು ಹಾದು ಹೊರಬಂದ ಕಿರಣ ಎಷ್ಟು ಕ್ಷೀಣಿಸಿದೆಯೆಂಬುದು, ಅದು ದಾಟಿಬಂದ ಮನೆಗಳೆಲ್ಲದರ ಒಟ್ಟು ತಡೆಯ ಅಳತೆ. ನಾನಾ ದಿಕ್ಕುಗಳಿಂದ ಸಾವಿರಾರು ಮೊತ್ತಗಳನ್ನು ಅಳೆದರೆ, ಒಂದೊಂದು ಮನೆಯ ತಡೆಯನ್ನೂ ಗಣಕಯಂತ್ರ ಲೆಕ್ಕಹಾಕಿ ಕೊಡಬಲ್ಲುದು.

ಇದಕ್ಕೆ ಬೇಕಾದ ಗಣಿತವನ್ನು ಅಲನ್ ಕಾರ್ಮ್ಯಾಕ್ 1963 ಮತ್ತು 1964ರಲ್ಲಿ ಪ್ರಕಟಿಸಿದನು. ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಇಂಜಿನಿಯರಾದ ಗಾಡ್‌ಫ್ರೇ ಹೌನ್ಸ್‌ಫೀಲ್ಡನು ಸ್ವತಂತ್ರವಾಗಿ ಯಂತ್ರವನ್ನೇ ಕಟ್ಟಿದನು. ಅವನ ಮೊದಲ ಪ್ರಯೋಗದಲ್ಲಿ 28,000 ಅಳತೆಗಳನ್ನು ಪಡೆಯಲು 9 ದಿನಗಳೂ, ಲೆಕ್ಕಕ್ಕೆ ಎರಡೂವರೆ ಗಂಟೆಗಳೂ ಹಿಡಿದುವು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮೆದುಳಿನ ಗಡ್ಡೆ ಕಂಡುಬಂದಿತು. 80 ಸಾಲು, 80 ಕಂಬ, ಒಟ್ಟು 6,400 ಮನೆಗಳ ಒರಟು ಚಿತ್ರವದು. ಕಾರ್ಮ್ಯಾಕ್ ಮತ್ತು ಹೌನ್ಸ್‌ಫೀಲ್ಡರಿಗೆ 1979ರ ನೊಬೆಲ್ ಬಹುಮಾನ ಸಂದಿತು.

ಗಣಕಯಂತ್ರ ಕೊಟ್ಟಿದ್ದು ಅಂಕೆಗಳ ಪಟ್ಟಿ ಎಂಬುದನ್ನು ಇಲ್ಲಿ ಗಮನಿಸಬೇಕು. ಅದನ್ನು ಚಿತ್ರವಾಗಿಸುವಾಗ ಮನುಷ್ಯನ ಆಯ್ಕೆ ಸೇರುತ್ತದೆ. ಹೌನ್ಸ್‌ಫೀಲ್ಡನ ಮಾನದಲ್ಲಿ ಗಾಳಿಗೆ –1000, ನೀರಿಗೆ 0. ಗಟ್ಟಿ ಎಲುಬು +1000ದ ಆಸುಪಾಸಿನಲ್ಲಿರುತ್ತದೆ. ಇಷ್ಟು ಅಂತರವನ್ನೆಲ್ಲ ಕಪ್ಪಿನಿಂದ ಬಿಳುಪಿನವರೆಗೆ ಒಂದೇ ಸಮನೆ ಹಂಚಿದರೆ, ಹತ್ತಾರು ಅಂಶಗಳಷ್ಟೇ ವ್ಯತ್ಯಾಸವಿರುವ ಮೆದುಳಿನ ಭಾಗಗಳೆಲ್ಲ ಒಂದೇ ಬೂದುಬಣ್ಣವಾಗಿ ತೋರುತ್ತವೆ. ಆದುದರಿಂದ ವೈದ್ಯರು ತಮಗೆ ಬೇಕಾದ ಕಿರಿದಾದ ವ್ಯಾಪ್ತಿಗೆ ಮಾತ್ರ ಬಣ್ಣ ಹಂಚುತ್ತಾರೆ. ಮೆದುಳಿಗೆ ಹಂಚಿದಾಗ ಎಲುಬಿನ ಸೂಕ್ಷ್ಮ ಬಿರುಕು ಮರೆಯಾಗಬಹುದು. ಎಲುಬಿಗೆ ಹಂಚಿದಾಗ ಗಡ್ಡೆಯೇ ಮರೆಯಾಗಬಹುದು.

ಮೂರು ಆಯಾಮದ ಚಿತ್ರದಲ್ಲಿಯೂ ಹೀಗೆಯೇ. 1987ರಲ್ಲಿ ಅಮೆರಿಕದ ಲೊರೆನ್ಸನ್ ಮತ್ತು ಕ್ಲೈನ್ ಎಂಬುವರು, ಅಂಕೆಗಳ ರಾಶಿಯೊಳಗಿಂದ ಮೇಲ್ಮೈಯೊಂದನ್ನು ಪುಟ್ಟ ತ್ರಿಕೋನಗಳಾಗಿ ಕಡೆದು ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಯಾವ ಅಂಕೆಯಲ್ಲಿ ಮೇಲ್ಮೈಯನ್ನು ಎಳೆಯಬೇಕೆಂದು ನಿರ್ಧರಿಸುವವನು ಮನುಷ್ಯನೇ. ಆ ಅಂಕೆಯನ್ನು ಹೆಚ್ಚಿಸಿದರೆ ತೆಳುವಾದ ಎಲುಬಿನಲ್ಲಿ ಇಲ್ಲದ ರಂಧ್ರಗಳು ತೋರುತ್ತವೆ.

ಬಣ್ಣದ ಆಯ್ಕೆಯಿಂದ ಆಗುವ ಹಾನಿಯನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2011ರಲ್ಲಿ ಅಳೆದು ತೋರಿಸಿದರು. ಹೃದಯದ ರಕ್ತನಾಳಗಳಲ್ಲಿ ಹರಿಯುವ ರಕ್ತವು ಗೋಡೆಯನ್ನು ಉಜ್ಜುವ ಬಲ ಎಲ್ಲಿ ಕಡಿಮೆಯೋ ಅಲ್ಲಿ ರೋಗದ ಅಪಾಯ ಹೆಚ್ಚು. ಆ ಬಲವನ್ನು ಮೂರು ಆಯಾಮದ ಚಿತ್ರದಲ್ಲಿ ಕಾಮನಬಿಲ್ಲಿನ ಬಣ್ಣಗಳಿಂದ ತೋರಿಸಿದಾಗ, ನೋಡಿದವರು ಅಪಾಯದ ಸ್ಥಳಗಳಲ್ಲಿ ಶೇಕಡ 39ನ್ನು ಮಾತ್ರ ಗುರುತಿಸಿದರು. ನಾಳವನ್ನು ಸಮತಲವಾಗಿ ಬಿಡಿಸಿ, ಕಪ್ಪಿನಿಂದ ಕೆಂಪಿಗೆ ಕ್ರಮವಾಗಿ ಸಾಗುವ ಬಣ್ಣಗಳನ್ನು ಬಳಸಿದಾಗ ಶೇಕಡ 91ನ್ನು ಗುರುತಿಸಿದರು. ಹಸಿರು ಹೆಚ್ಚೋ ಹಳದಿ ಹೆಚ್ಚೋ ಎಂಬ ಕ್ರಮ ನಮ್ಮ ಕಣ್ಣಿಗೆ ಸಹಜವಾಗಿಲ್ಲ. ಕಪ್ಪಿನಿಂದ ಬೆಳಕಿಗೆ ಸಾಗುವ ಕ್ರಮ ಸಹಜ.

ವಿಮಾನದ ರೆಕ್ಕೆಯ ಮೇಲಣ ಗಾಳಿಯ ಒತ್ತಡ, ಸೇತುವೆಯ ತೊಲೆಯ ಬಿಗಿತ, ಚಂಡಮಾರುತದ ವೇಗ, ಇವೆಲ್ಲವನ್ನೂ ಇಂದು ಇಂತಹ ಚಿತ್ರಗಳಲ್ಲಿಯೇ ಪರೀಕ್ಷಿಸುತ್ತಾರೆ. ಪುಸ್ತಕದಲ್ಲಿಯೋ ಪರದೆಯ ಮೇಲೆಯೋ ಅಂತಹ ಚಿತ್ರವನ್ನು ಕಂಡಾಗ ಅದರ ಅಂದಕ್ಕೆ ಮರುಳಾಗುವ ಮುನ್ನ ಪಕ್ಕದಲ್ಲಿರುವ ಬಣ್ಣದ ಮಾನಪಟ್ಟಿಯನ್ನು ಓದಿರಿ. ಯಾವ ಅಂಕೆಗೆ ಯಾವ ಬಣ್ಣ, ಅದು ಎಲ್ಲಿಂದ ಎಲ್ಲಿಯವರೆಗೆ, ಅದರ ಆಚೆಗಿನದು ಏನಾಯಿತು ಎಂದು ಕೇಳಿರಿ. ಮಾನಪಟ್ಟಿಯೇ ಇಲ್ಲದ ಚಿತ್ರವನ್ನು ಅಳತೆಯೆಂದು ಒಪ್ಪಬೇಡಿರಿ.